ಆಪಾ ಕೇಳಿದ ಫೈಟರ್‌ಗಳು

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾನು ಫೋನಿನಲ್ಲಿ ಜೋರಾಗಿ ಜಗಳವಾಡುತ್ತಿದ್ದೆ. ಆ ಕಡೆ ಇದ್ದವನು ಕಲಬುರಗಿಯಲ್ಲಿರುವ ನನ್ನ ತಮ್ಮ. ಜಗಳ ಮನೆಯ ವಿಷಯಕ್ಕಲ್ಲ, ವೀಡಿಯೊ ಗೇಮಿನ ವಿಷಯಕ್ಕೆ. ನಾವಿಬ್ಬರೂ ವರ್ಷಗಳಿಂದ ಆಡುತ್ತ ಬಂದಿರುವ ಹೊಡೆದಾಟದ ಆಟವೊಂದಿದೆ. ಬೇರೆ ಬೇರೆ ಆಟಗಳ ನಾಯಕರು, ಖಳರು, ಪ್ರಾಣಿಗಳು ತಮ್ಮ ಊರು ಬಿಟ್ಟು ಬಂದು ಇಲ್ಲಿ ಒಂದೇ ಅಖಾಡಕ್ಕೆ ಇಳಿಯುತ್ತಾರೆ. ಆಗಾಗ ಒಬ್ಬಿಬ್ಬರು ಹೊಸಬರು ಸೇರುತ್ತಾರೆ. ಯಾರು ಸೇರಬೇಕು ಎಂದು ನಮ್ಮಂಥವರು ಲೋಕದ ತುಂಬ ಪಟ್ಟಿ ಬರೆದುಕೊಂಡು ಕೂತಿರುತ್ತೇವೆ.

ನನ್ನ ಪಟ್ಟಿಯ ಮೊದಲಿಗ ಒಂದು ಹಳೆಯ ಕತ್ತಿವರಸೆ ಆಟದ ಯೋಧ. ಅಚ್ಚ ಬಿಳಿ ಉಡುಪು, ಅರ್ಧ ಮುಖವಾಡ, ನೆಲ ಮುಟ್ಟಿದನೋ ಇಲ್ಲವೋ ಎನ್ನುವಂಥ ನಡಿಗೆ. ನಾನು ಹುಮನಾಬಾದಿನ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ನನ್ನ ಸ್ಕೆಚ್ ಪುಸ್ತಕದಲ್ಲಿ ಅವನ ಉಡುಪಿನ ಮಡಿಕೆಗಳೇ ಹತ್ತು ಪುಟ ಇದ್ದವು. "ಈ ಸಲ ಅವ ಬರಲೇಬೇಕು ನೋಡು," ಎಂದು ತಮ್ಮನಿಗೆ ಹೇಳುತ್ತಿದ್ದಾಗ ಹಿಂದಿನ ಸೀಟಿನಿಂದ ಒಂದು ದನಿ ಬಂತು.

"ಅವನ್ನ ತರಬ್ಯಾಡ್ರಿ ಬಾಯಿ. ಅವನ ಕಾಲ ಸಪ್ಪಳಾನೇ ಇಲ್ಲ."

ತಿರುಗಿ ನೋಡಿದೆ. ನಲವತ್ತು ದಾಟಿದ ಹೆಂಗಸು. ಕಪ್ಪು ಬುರ್ಖಾ, ತೊಡೆಯ ಮೇಲೆ ಟಿಫಿನ್ ಚೀಲ, ಅದರ ಪಕ್ಕದಲ್ಲಿ ಮಡಚಿಟ್ಟ ಬಿಳಿ ಕೋಲು. ದಿನಾ ಅದೇ ಬಸ್ಸಿಗೆ ಬರುವವರು, ಹುಮನಾಬಾದಿನ ಒಂದು ಕಚೇರಿಯಲ್ಲಿ ಕೆಲಸ ಮಾಡುವವರು. ಕಂಡಕ್ಟರ್ ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುವುದನ್ನು ಕೇಳಿದ್ದೆ. ಅವರಿಗೆ ಕಣ್ಣು ಕಾಣುವುದಿಲ್ಲ ಎಂಬುದೂ ಗೊತ್ತಿತ್ತು. ಅದಕ್ಕೇ, "ನಿಮ್ಮ ಮನ್ಯಾಗ ಯಾರರ ಈ ಆಟ ಆಡ್ತಾರೇನ್ರಿ?" ಎಂದು ಕೇಳಿದೆ.

"ನಾನೇ ಆಡ್ತೀನ್ರಿ," ಎಂದರು ಆಪಾ. "ಯಾಕ, ನಂಬಿಕಿ ಬರವಲ್ದೇನು?"

ನಂಬಿಕೆ ಬರಲಿಲ್ಲ ನಿಜ. ಆದರೆ ಬಸ್ಸು ರಾಜೇಶ್ವರ ದಾಟಿ ಹುಮನಾಬಾದ್ ಬರುವವರೆಗೆ ಅವರು ನನಗೆ ಆ ಆಟದ ಒಬ್ಬೊಬ್ಬ ಫೈಟರನ್ನೂ ಬಿಡಿಸಿ ಹೇಳಿದರು. ಯಾವನು ಹೊಡೆಯುವ ಮೊದಲು ಹಲ್ಲು ಕಡಿಯುತ್ತಾನೆ, ಯಾರ ಬೂಟು ಬಲಗಾಲಿನದು ಮಾತ್ರ ಕಿರುಗುಟ್ಟುತ್ತದೆ, ಯಾವ ರಾಣಿ ಸೋಲುವ ಹೊತ್ತಿಗೆ ಉಸಿರು ಹಿಡಿಯುತ್ತಾಳೆ. ಇವೆಲ್ಲ ನಾನು ವರ್ಷಗಟ್ಟಲೆ ಆಡಿದ ಆಟದಲ್ಲೇ ಇದ್ದವು. ನಾನು ಒಂದನ್ನೂ ಕೇಳಿರಲಿಲ್ಲ.

ಆ ಭಾನುವಾರ ಅವರ ಮನೆಗೆ ಹೋದೆ. ಬಸವಕಲ್ಯಾಣದಲ್ಲೇ, ಕೋಟೆಯ ಕಡೆಯ ಓಣಿಯಲ್ಲಿ, ಅಣ್ಣನ ಸಂಸಾರದ ಜೊತೆ ಅವರ ವಾಸ. ಅಣ್ಣನದು ವೆಲ್ಡಿಂಗ್ ಅಂಗಡಿ. ಗೇಮಿನ ಯಂತ್ರ ಮಾತ್ರ ಆಪಾ ತಮ್ಮ ಸಂಬಳದಲ್ಲಿ ತಾವೇ ಕೊಂಡದ್ದು. ಟಿವಿಯ ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇಟ್ಟು, ಎರಡರ ನಡುವೆ ಸರಿಯಾಗಿ ಮಧ್ಯದಲ್ಲಿ ಒಂದು ಚಾಪೆ ಹಾಸಿದ್ದರು. ಅಲ್ಲಿ ಕೂತರೆ ಎದುರಾಳಿ ಎಡಕ್ಕಿದ್ದಾನೋ ಬಲಕ್ಕಿದ್ದಾನೋ ಕಿವಿಗೆ ತಿಳಿಯುತ್ತದೆ. ಎಷ್ಟು ದೂರ ಇದ್ದಾನೆ ಎಂದು ತಿಳಿಯಬೇಕಾದರೆ ಆಪಾ ಒಂದು ಬೆಂಕಿಯುಂಡೆ ಎಸೆಯುತ್ತಿದ್ದರು. ಅದು ತಗಲುವವರೆಗಿನ ಹೊತ್ತೇ ಅವರ ಅಳತೆಗೋಲು.

ನಾನು ಮೊದಲ ಆಟ ಮೆತ್ತಗೆ ಆಡಿದೆ. ಪಾಪ ಎನಿಸಿತ್ತು. ಎರಡು ಸಲ ಹೊಡೆಯುವ ಅವಕಾಶ ಇದ್ದರೂ ಸುಮ್ಮನಿದ್ದೆ. ಆಪಾ ಆಟ ನಿಲ್ಲಿಸಿ, ಕೈಯಲ್ಲಿದ್ದ ಕಂಟ್ರೋಲರನ್ನು ಚಾಪೆಯ ಮೇಲಿಟ್ಟರು.

"ಟೀಚರ್, ನೀವು ಬಿಟ್ಟುಕೊಡಾಕತ್ತೀರಿ. ಹಂಗ ಆಡೋದಿದ್ರ ಚಹಾ ಕುಡ್ದು ಹೋಗ್ರಿ."

ಮುಖ ಬಿಸಿಯಾಯಿತು. ಆಮೇಲೆ ನನಗೆ ಬಂದದ್ದನ್ನೆಲ್ಲ ಹಾಕಿ ಆಡಿದೆ. ಏಳು ಆಟ ಆಡಿದೆವು, ಏಳೂ ಸೋತೆ. ಕೊನೆಯ ಆಟದಲ್ಲಿ ನಾನು ಅಖಾಡದ ಮೂಲೆಗೆ ಸರಿದು ಅಲುಗಾಡದೆ ನಿಂತೆ. ಸಪ್ಪಳ ಮಾಡದಿದ್ದರೆ ಹೇಗೆ ಹುಡುಕುತ್ತಾರೆ ನೋಡೋಣ ಎಂದು. ಅದು ಜಾಣತನವಲ್ಲ, ಕಳ್ಳಾಟ. ಆಪಾ ನಕ್ಕು, ನೇರ ಮೂಲೆಗೆ ಬಂದು ಹೊಡೆದರು. "ಹೆದರಿದವ್ರೆಲ್ಲಾ ಮೂಲೀಗೇ ಹೋಗ್ತಾರ್ರಿ ಟೀಚರ್," ಎಂದರು.

ಆ ದಿನ ಮನೆಗೆ ಬಂದು ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ಆಡಲು ಕೂತೆ. ನನ್ನ ಮೆಚ್ಚಿನ ಫೈಟರ್‌ಗಳೆಲ್ಲ ಗಾಳಿಯಲ್ಲಿ ಕರಗಿದಂತೆ ಮಾಯವಾದರು. ನಾನು ಅವರನ್ನು ಆರಿಸಿದ್ದು ಬಣ್ಣಕ್ಕೆ, ಉಡುಪಿಗೆ, ನಿಲ್ಲುವ ಭಂಗಿಗೆ. ಕಣ್ಣು ಕಟ್ಟಿದ ಮೇಲೆ ಅವರಲ್ಲಿ ಅರ್ಧಕ್ಕರ್ಧ ಜನ ಒಬ್ಬರಂತೆ ಇನ್ನೊಬ್ಬರು, ಬರೀ ದಪ್ ದಪ್ ಎನ್ನುವವರು. ಹೊಸಬರು ಬರಲಿ ಎಂದು ಆಪಾ ಬಸ್ಸಿನಲ್ಲಿ ಯಾಕೆ ಅಷ್ಟು ಹಂಬಲದಿಂದ ಹೇಳಿದ್ದರು ಎಂದು ಆಗ ಅರ್ಥವಾಯಿತು. ಅವರಿಗೆ ಬೇಕಾದದ್ದು ಚೆಲುವರಲ್ಲ, ಗುರುತು ಸಿಗುವವರು.

ಹೊಸಬರು ಬಂದರೆ ಅವರಿಗೆ ಒಂದು ಕಷ್ಟವೂ ಇತ್ತು. ಫೈಟರ್ ಆರಿಸುವ ಪರದೆಯನ್ನು ಅವರು ಎಣಿಸಿ ಬಾಯಿಪಾಠ ಮಾಡಿಟ್ಟಿದ್ದರು. ಬಲಕ್ಕೆ ನಾಲ್ಕು ಒತ್ತಿದರೆ ಬೇಟೆಗಾರ, ಅಲ್ಲಿಂದ ಕೆಳಗೆ ಎರಡು ಒತ್ತಿದರೆ ರಾಣಿ. ಹೊಸ ಮುಖ ಒಂದು ನಡುವೆ ಸೇರಿದರೆ ಸಾಲು ಸರಿಯುತ್ತದೆ, ಎಣಿಕೆಯೆಲ್ಲ ತಪ್ಪುತ್ತದೆ. "ಮತ್ತ್ಯಾಕ ಹೊಸಬರು ಬೇಕಂತೀರಿ ಆಪಾ?" ಎಂದು ಕೇಳಿದೆ.

"ಮನೀಗೆ ಮೆಹಮಾನರು ಬಂದ್ರ ಚಾಪಿ ಸರಸಬೇಕಾಗ್ತದ. ಅದಕ್ಕಂತ ಬರಬ್ಯಾಡ್ರಿ ಅಂತಾರೇನು?"

ಮುಂದೆ ಯಾರು ಸೇರಬೇಕೆಂದು ಆಟ ತಯಾರಿಸುವವರು ಆಡುವವರ ಅಭಿಪ್ರಾಯ ಕೇಳಿದ್ದರು. ನಾವಿಬ್ಬರೂ ಸೇರಿ ಬರೆಯೋಣ ಎಂದು ನಾನೇ ಹೇಳಿದೆ. ಮುಂದಿನ ಭಾನುವಾರ ಆಪಾ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಮರಗಾಲಿನ ಕಡಲ್ಗಳ್ಳ ಬೇಕು, ಯಾಕೆಂದರೆ ಅವನ ಒಂದು ಕಾಲು ಒಂದು ಥರ, ಇನ್ನೊಂದು ಇನ್ನೊಂದು ಥರ. ಗಂಟಲು ಒಡೆದ ಹಾಡುಗಾರ್ತಿ ಬೇಕು. ಜೇನುಹುಳಗಳನ್ನು ಮೈಮೇಲೆ ಹೊತ್ತ ಮುದುಕ ಬೇಕು, ಸಿಟ್ಟು ಬಂದಾಗ ಅವನ ಹುಳಗಳ ಗುಂಯ್ ಎನ್ನುವ ಸದ್ದು ಏರುತ್ತದೆ. ಇವರೆಲ್ಲ ಆಪಾ ಬೇರೆ ಬೇರೆ ಆಟಗಳಲ್ಲಿ ಕೇಳಿ ಪರಿಚಯ ಮಾಡಿಕೊಂಡವರು.

ಕೊನೆಗೆ ಬರೆದದ್ದನ್ನೆಲ್ಲ ಒಮ್ಮೆ ಓದಿಸಿ ಕೇಳಿದರು. ಆಮೇಲೆ, "ಇನ್ನೊಬ್ಬವ ಅದಾನ್ರಿ. ಹೆಸರು ಗೊತ್ತಿಲ್ಲ," ಎಂದರು.

ಆಪಾ ಹುಟ್ಟು ಕುರುಡರಲ್ಲ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ದೃಷ್ಟಿ ಅಂಚಿನಿಂದ ಒಳಗೆ ಮುಚ್ಚುತ್ತ ಬಂತಂತೆ. ಆಗ ಮನೆಯಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಅಗ್ಗದ ಗೇಮ್ ಇತ್ತು. ಅದರ ಕ್ಯಾಸೆಟ್ಟಿನ ಮೇಲಿನ ಚೀಟಿ ಕಿತ್ತುಹೋಗಿತ್ತು, ಹಾಗಾಗಿ ಆಟದ ಹೆಸರು ಯಾರಿಗೂ ತಿಳಿಯದು. ಅದರಲ್ಲೊಬ್ಬ ಗಿಡ್ಡ ಮನುಷ್ಯ, ಕೈಯಲ್ಲಿ ಬಡಿಗೆ, ತಲೆಗೆ ಟೊಪ್ಪಿಗೆ. ಅಣ್ಣ ತಂಗಿ ದಿನವೂ ಅವನನ್ನು ಆಡಿಸುತ್ತಿದ್ದರು. ಕಣ್ಣಿನಲ್ಲಿ ಬೆರಳಗಲದಷ್ಟೇ ಜಾಗ ಉಳಿದಾಗಲೂ ಆ ಜಾಗದಲ್ಲಿ ಅವನು ಸರಿಯಾಗಿ ಹಿಡಿಸುತ್ತಿದ್ದನಂತೆ.

"ನಾ ಕಣ್ಣಿಲೆ ನೋಡಿ ಆಡ್ಸಿದ ಕಡೀ ಫೈಟರ್ ಅವ. ಆವಾಗ ಅವಗ ಟುಂಯ್ ಟುಂಯ್ ಬಿಟ್ರ ದನೀನೇ ಇರಲಿಲ್ಲ. ಈಗ ಬಂದ್ರ ಹ್ಯಾಂಗ ಮಾತಾಡ್ತಾನ, ಹ್ಯಾಂಗ ನಡೀತಾನ, ಕೇಳಬೇಕು ಅಂತ ಅದ. ಬರೀರಿ ಟೀಚರ್. ಹಸಿರು ಅಂಗಿ."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅಣ್ಣ, "ಹಸಿರಲ್ಲ, ನೀಲಿ," ಎಂದರು.

"ಹಸಿರು."

"ಅಲ್ಲವ್ವಾ, ನೀಲಿ. ನನಗ ಇವತ್ತಿಗೂ ನೆನಪದ."

"ನಿನಗ ಆಮ್ಯಾಲೆ ಸಾವಿರ ನೀಲಿ ಕಂಡಾವ ಭಾಯಿ. ಎಲ್ಲಾ ಕಲಸಿರಬೇಕು. ನನ್ನ ಹತ್ರ ಆ ಹಸಿರು ಹಂಗೇ ಅದ."

ಅಣ್ಣ ನನ್ನ ಕಡೆ ನೋಡಿ, "ಹಸಿರಂತೇ ಬರೀರಿ ಬಾಯಿ," ಎಂದು ಒಳಗೆ ಹೋದರು. ನಾನು ಹಸಿರು ಎಂದು ಬರೆದೆ. ಪತ್ರ ಕಳಿಸಿದೆವು. ನಿಮ್ಮ ಸಲಹೆಗೆ ವಂದನೆಗಳು ಎಂಬ, ಎಲ್ಲರಿಗೂ ಹೋಗುವ ಉತ್ತರ ನಮಗೂ ಬಂತು.

ಹೊಸ ಫೈಟರ್ ಯಾರೆಂದು ತಿಳಿಯಲು ಇನ್ನೂ ಐದಾರು ತಿಂಗಳು ಕಾಯಬೇಕಾಯಿತು. ಸುದ್ದಿ ಬಂದ ದಿನ ನಾವು ಹುಮನಾಬಾದ್ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಸಂಜೆಯ ಚಹಾ ಕುಡಿಯುತ್ತಿದ್ದೆವು. ಫೋನಿನಲ್ಲಿ ವೀಡಿಯೊ ಹಾಕಿ, ನಾನೊಂದು ಅವರೊಂದು ಇಯರ್‌ಫೋನ್ ಕಿವಿಗಿಟ್ಟುಕೊಂಡೆವು. ಬಂದದ್ದು ನನ್ನ ಬಿಳಿ ಯೋಧನಲ್ಲ. ಮರಗಾಲಿನವನಲ್ಲ, ಜೇನಿನ ಮುದುಕನಲ್ಲ, ಹಸಿರು ಅಂಗಿಯವನೂ ಅಲ್ಲ. ಹಡಗು ಕಟ್ಟುವ ಯಾವುದೋ ಆಟದಿಂದ ಬಂದ, ನಡುವಯಸ್ಸು ದಾಟಿದ ಒಬ್ಬ ಧಡೂತಿ ಹೆಂಗಸು. ಸರಪಳಿಗೆ ಕಟ್ಟಿದ ಲಂಗರನ್ನು ಎಳೆದುಕೊಂಡು ನಡೆಯುತ್ತಿದ್ದಳು. ಯಾರೂ ಬೇಡಿರದವಳು. ತಮ್ಮ ಆಗಲೇ ಅಳುವ ಮುಖದ ಹತ್ತು ಚಿತ್ರ ಕಳಿಸಿದ್ದ. ನಾನೂ ಥೂ ಎನ್ನುವವಳಿದ್ದೆ.

ಆಪಾ ನನ್ನ ಮೊಣಕೈ ಹಿಡಿದರು. "ಇಕಿ ಯಾರ್ರಿ? ಮತ್ತೊಮ್ಮಿ ಹಾಕ್ರಿ."

ಮತ್ತೊಮ್ಮೆ ಹಾಕಿದೆ. ಲಂಗರು ಕಲ್ಲಿನ ಮೇಲೆ ಒಂದು ಥರ ಸದ್ದು ಮಾಡುತ್ತಿತ್ತು, ಹಲಗೆಯ ಮೇಲೆ ಬೇರೆ, ಮರಳಿನಲ್ಲಿ ಇನ್ನೊಂದು. ಬೀಸುವ ಮೊದಲು ಸರಪಳಿ ಬಿಗಿಯುವ ಸದ್ದು, ಬೀಸಿದ ಮೇಲೆ ಸಡಿಲಾಗುವ ಸದ್ದು. ಆಪಾ ಮೂರು ಸಲ ಕೇಳಿದರು. ಚಹಾ ಆರಿಹೋಯಿತು.

"ಹ್ಯಾಂಗ ಅದಾಳ? ಹೇಳ್ರಿ."

"ದಪ್ಪ ಅದಾಳ್ರಿ ಆಪಾ. ವಯಸ್ಸಾಗ್ಯದ. ಚಂದ ಏನಿಲ್ಲ."

"ಇದೇನ್ರಿ ಇದು? ಚಿತ್ರ ಕಲಿಸೋರು ನೀವು."

ಮಕ್ಕಳಿಗೆ ದಿನವೂ ನೋಡಿ ಬಿಡಿಸಿ ಎಂದು ಹೇಳುವ ನನ್ನ ಹತ್ತಿರ ಮೂರೇ ಮಾತು ಇದ್ದವು, ಅವೂ ಕೆಲಸಕ್ಕೆ ಬಾರದವು. ನಾಚಿಕೆಯಾಯಿತು. ವೀಡಿಯೊ ನಿಲ್ಲಿಸಿ, ಮೊದಲ ಸಲ ಅವಳನ್ನು ಸರಿಯಾಗಿ ನೋಡಿದೆ.

"ನನ್ನ ತವರು ದುಬಲಗುಂಡಿರಿ," ಎಂದು ಶುರು ಮಾಡಿದೆ. "ಅಲ್ಲಿ ಮಳಿಗಾಲದಾಗ ಹೊಲದ ದಾರೀಲೆ ಗಾಡಿ ಹುಗಿದ್ರ, ಸೀರಿ ಸೊಂಟಕ್ಕ ಸಿಗಿಸಿ ಗಾಲಿಗೆ ಹೆಗಲು ಕೊಡೋ ಹೆಂಗಸರು ಇರ್ತಾರ. ಅಂಥಾ ಹೆಗಲು ಇಕೀದು. ಕೂದಲ ಅರ್ಧ ಬೆಳ್ಳಗ, ಅರ್ಧ ತುಕ್ಕಿನ ಬಣ್ಣ, ಗಂಟು ಹಾಕ್ಯಾಳ, ಆದ್ರ ಗಂಟಿನಾಗಿಂದ ಬಿಚ್ಚಿ ಬಂದಾವ. ಒಂದು ಹುಬ್ಬಿನ ಮ್ಯಾಲೆ ಸುಟ್ಟ ಗಾಯ. ಲಂಗರು ಎಳಿವಾಗ ಮುಂದಕ್ಕ ಬಾಗೋದಿಲ್ರಿ, ಹಿಂದಕ್ಕ ವಾಲಿ ನಡೀತಾಳ, ನೀರು ತುಂಬಿದ ಕೊಡ ಕಂಕುಳಾಗ ಇದ್ದಂಗ. ಹೊಡೆದ ಮ್ಯಾಲೆ ನಗೋದಿಲ್ಲ. ಲಂಗರಿಗೆ ಏನರ ಆತೇನಂತ ತಿರುಗಿ ನೋಡ್ತಾಳ."

ಆಪಾ ನೆಟ್ಟಗೆ ಕೂತಿದ್ದರು. ಹೇಳುತ್ತ ಹೇಳುತ್ತ ನನಗೇ ಆ ಹೆಂಗಸು ಚಂದ ಕಾಣತೊಡಗಿದ್ದಳು. ಬಿಳಿ ಯೋಧನನ್ನು ಹತ್ತು ಪುಟ ಬಿಡಿಸಿದ್ದೆನಲ್ಲ, ಅವನ ಬಗ್ಗೆ ಇಷ್ಟು ಮಾತು ನನ್ನಲ್ಲಿ ಇರಲಿಲ್ಲ.

"ಪಸಂದ್ ಆತು," ಎಂದರು ಆಪಾ. ನಾನು, "ನಾವು ಬರೆದವರು ಬರಲಿಲ್ಲ ಅಂತ ಬ್ಯಾಸರ ಇಲ್ಲೇನ್ರಿ?" ಎಂದು ಕೇಳಿದೆ. "ಅದ. ಹಸಿರಂಗಿಯವನ ಸಲುವಾಗಿ ಅದ," ಎಂದರು. "ಆದ್ರ ಇಕಿ ಬಂದ್ಲಲ್ಲ. ಬಂದಾಕಿಗೆ ಬಾ ಅನ್ನಬೇಕು."

ಆ ಫೈಟರ್ ಆಟಕ್ಕೆ ಇಳಿದ ದಿನ ಇಬ್ಬರೂ ಕೆಲಸಕ್ಕೆ ರಜೆ ಹಾಕಿದೆವು; ನಾನು ಅವರ ಮನೆಗೆ ಹೋದೆ. ಮೊದಲ ಕೆಲಸ ಪರದೆಯ ಹೊಸ ಎಣಿಕೆ. ನಾನು ಸಾಲುಗಳನ್ನು ಓದಿದೆ, ಆಪಾ ಒತ್ತುತ್ತ ಎಣಿಸಿದರು. ಅರ್ಧ ಗಂಟೆಯಲ್ಲಿ ಅಷ್ಟೂ ಮುಖಗಳು ಮತ್ತೆ ಅವರ ಬೆರಳಿಗೆ ಬಂದವು. ಆಮೇಲೆ ಲಂಗರಿನ ಹೆಂಗಸನ್ನು ಆರಿಸಿ, ಯಾರ ಜೊತೆಗೂ ಆಡದೆ, ಖಾಲಿ ಅಖಾಡದಲ್ಲಿ ಅವಳನ್ನು ಬರೀ ನಡೆಸಿದರು. ಹಲಗೆಯ ಮೇಲೆ, ಕಲ್ಲಿನ ಮೇಲೆ, ನೀರಿನಲ್ಲಿ. ಇಂಥ ತಾಳ್ಮೆಯನ್ನು ನಾನು ಯಾವ ಆಟಗಾರರಲ್ಲೂ ನೋಡಿಲ್ಲ. ಹೊಸ ಫೈಟರ್ ಸಿಕ್ಕರೆ ನಾವೆಲ್ಲ ಮೊದಲು ಹೊಡೆಯಲು ಓಡುತ್ತೇವೆ. ಅವರು ಮೊದಲು ಅವಳ ಪರಿಚಯ ಮಾಡಿಕೊಂಡರು.

ಈಗ ಆ ಮಾತಿಗೆ ವರ್ಷವಾಗುತ್ತ ಬಂತು. ವಾರಕ್ಕೊಂದು ದಿನ ನಾವು ಆಡುತ್ತೇವೆ. ತಮ್ಮನೂ ಕಲಬುರಗಿಯಿಂದಲೇ ಅವರ ಜೊತೆ ಆಡುತ್ತಾನೆ, ಸೋತಾಗ ನೆಟ್‌ವರ್ಕಿಗೆ ಬೈಯುತ್ತಾನೆ. ನನ್ನ ಸ್ಕೆಚ್ ಪುಸ್ತಕದಲ್ಲಿ ಈಗ ಚಿತ್ರದ ಪಕ್ಕ ಮಾತೂ ಇರುತ್ತದೆ.

ಹೋದ ತಿಂಗಳು ಒಂದು ಭಾನುವಾರ ನಾನು ಗೆದ್ದೆ. ಅವರು ಬಿಟ್ಟುಕೊಟ್ಟದ್ದಲ್ಲ, ನಿಜವಾದ ಗೆಲುವು. ಅವರು ಲಂಗರು ಬೀಸಿದ ಹೊತ್ತಿಗೆ ಸರಿಯಾಗಿ ಮೇಲೆ ಹಾರಿ, ಅದೇ ಸದ್ದಿನ ಮರೆಯಲ್ಲಿ ಅವರ ಹಿಂದೆ ಇಳಿದಿದ್ದೆ. ನಾನು ಕೂಗಿದ ಕೂಗಿಗೆ ಅಣ್ಣನವರು ಒಳಗಿನಿಂದ ಓಡಿ ಬಂದರು. ಆಪಾ ನನ್ನ ಎರಡೂ ಕೈ ಹಿಡಿದು ಅಭಿನಂದಿಸಿ, ಚಹಾ ತರಿಸಿದರು. ಆಮೇಲೆ ಕೇಳಿದರು: "ಈಗ ಹೇಳ್ರಿ. ಎಲ್ಲಿಂದ ಹಾರಿದ್ರಿ? ಎಷ್ಟೊತ್ತಿಗೆ? ನನಗ ಕೇಳಲಿಲ್ಲಲ್ಲ." ನಾನು ಒಂದನ್ನೂ ಮುಚ್ಚಿಡದೆ ಹೇಳಿದೆ. ಅವರು ಪಾಠ ಕೇಳುವ ಹುಡುಗಿಯಂತೆ ತಲೆಯಾಡಿಸಿದರು.

ಸೋಮವಾರ, ಮಂಗಳವಾರ, ಬುಧವಾರ ಬಸ್ಸಿನಲ್ಲಿ ಆಪಾ ಆಟದ ಮಾತೇ ತೆಗೆಯಲಿಲ್ಲ. ಗುರುವಾರ ಬೆಳಿಗ್ಗೆ ಬಸ್ ಹತ್ತಿ ನನ್ನ ಪಕ್ಕ ಕೂತು, ಕೋಲು ಮಡಚಿ, ಟಿಫಿನ್ ಚೀಲ ಸರಿಮಾಡಿಕೊಂಡು, "ಟೀಚರ್, ಇವತ್ತ ಸಂಜೀಕ ಖಾಲಿ ಅದೀರೇನು?" ಎಂದರು.

"ಅದೀನ್ರಿ ಆಪಾ."

"ಹಂಗಾದ್ರ ಬರ್ರಿ."

ಹೋದೆ. ಆರು ಆಟ ಆಡಿದೆವು. ಆರರಲ್ಲೂ, ನಾನು ಹಾರಿ ಇಳಿಯುವ ಜಾಗದಲ್ಲಿ ಲಂಗರಿನ ಹೆಂಗಸು ನನಗಿಂತ ಮೊದಲೇ ಬಂದು ನಿಂತಿದ್ದಳು.