ಕುಂಕುಮ ಹಚ್ಚಿದ ರ‍್ಯಾಮ್

ಅಣ್ಣನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಮೆಮೊರಿ ಚಿಪ್ ಕೂತಿರುವ ರ‍್ಯಾಮ್ ಪಟ್ಟಿಯನ್ನು ಆ ಉಗುರಿನಿಂದಲೇ ಚಕ್ಕನೆ ಎಬ್ಬಿಸುತ್ತಿದ್ದ. ಹೊಸಪೇಟೆಯಲ್ಲಿ ಅವನದು ಕಂಪ್ಯೂಟರ್ ಅಂಗಡಿ. ರಕ್ತಸಂಬಂಧವೇನೂ ಇಲ್ಲ. ನಾನು ಕಂಪ್ಲಿಯಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಶುರು ಮಾಡಿದಾಗ, ಮೊದಲ ಕಂಪ್ಯೂಟರಿನ ಜೊತೆ ಕುಬುಸದ ಖಣ, ತೆಂಗಿನಕಾಯಿ ಕೊಟ್ಟು, "ತವರುಮನಿಯಿಂದ ಒಯ್ದಂಗ ಒಯ್ಯವ್ವಾ" ಅಂದಿದ್ದ. ಅಂದಿನಿಂದ ಅಣ್ಣ.

ಕೆಲಸವನ್ನೂ ಕಲಿಸಿದ. "ಬಿಚ್ಚಾಕ ಹೆದರಬ್ಯಾಡ. ಹೆದರಿದೋರಿಗೆ ಮೆಕ್ಯಾನಿಕ್ ಟೋಪಿ ಹಾಕ್ತಾನ" ಅನ್ನುತ್ತಿದ್ದ. ಆಯುಧ ಪೂಜೆಗೆ ಊರೆಲ್ಲ ಸಿಪಿಯು ಹೊರಗೆ ಕುಂಕುಮ ಹಚ್ಚಿದರೆ, ಇವನು ಅದನ್ನು ಬಿಚ್ಚಿ ರ‍್ಯಾಮಿಗೇ ಹಚ್ಚಬೇಕು. "ದುಡಿಯೋದು ಅದು. ತಗಡಿಗ್ಯಾಕ ಕುಂಕುಮ?" ಪ್ರತಿ ವರ್ಷ ಮನೆಗೆ ಬಂದು, ನನ್ನ ಎರಡೂ ಪಟ್ಟಿಗಳ ಲೇಬಲ್ ಮೇಲೆ ಬೊಟ್ಟಿಟ್ಟು, ಹೋಳಿಗೆ ಉಂಡು ಹೋಗುತ್ತಿದ್ದ.

ಆಮೇಲೆ ಬಂತು ನೋಡ್ರಿ, ರ‍್ಯಾಮಿಗೂ ಬರ! ವಾರ ವಾರಕ್ಕೂ ರೇಟು ಏರಿತು. ಯಾಕಣ್ಣಾ ಅಂದೆ.

"ನಿಮ್ಮೂರ ಭತ್ತ ಹೊಲದಾಗಿದ್ದಾಗ್ಲೇ ಮಿಲ್ಲಿನೋರು ಹಿಡೀತಾರಲ್ಲ, ಹಂಗ. ಚಿಪ್ ಹುಟ್ಟೋಕ ಮೊದ್ಲ ಎಐ ಕಂಪನಿಯೋರು ಮುಂಗಡ ಕೊಟ್ಟು ಹಿಡದಾರ. ನಮಗ ಉಳದದ್ದು ನುಚ್ಚು. ಹಳೇವನ್ನ ಜ್ವಾಪಾನ ಮಾಡು ತಂಗೀ, ಈಗ ಅವು ಬಂಗಾರ."

ಲಗ್ನದ ಸೀಸನ್ನಿಗೆ ಮುಂಚೆ ಧೂಳು ತೆಗೆಯಲೆಂದು ಮಷೀನನ್ನು ಅವನಲ್ಲೇ ಬಿಟ್ಟೆ. ವಾಪಸು ತಂದದ್ದೇ ತಡ, ವಿಡಿಯೋ ತೆರೆದರೆ ಸಾಕು, ನಿಂತುಬಿಡುತ್ತಿತ್ತು. ಪಾಪಿನಾಯಕನಹಳ್ಳಿಯ ಮದುವೆಯೊಂದರ ವಿಡಿಯೋ ಹೇಳಿದ ಹೊತ್ತಿಗೆ ಕೊಡಲಾಗದೆ, ಬೀಗರ ಮುಂದೆಲ್ಲ ಬೈಸಿಕೊಂಡೆ. ಕಡೆಗೆ ಅವನು ಕಲಿಸಿದ ಹಾಗೆಯೇ ಬಿಚ್ಚಿದೆ. ಒಳಗಿದ್ದದ್ದು ಒಂದೇ ಪಟ್ಟಿ, ಅದೂ ಯಾವುದೋ ಹಳೆಯದು. ಬೊಟ್ಟಿರಲಿಲ್ಲ.

ಎಲ್ಲೋ ಅದಲುಬದಲಾಗಿರಬೇಕು, ನಮ್ಮಣ್ಣ ಅಂಥವನಲ್ಲ ಅಂದುಕೊಳ್ಳುತ್ತಲೇ ಹೊಸಪೇಟೆ ಬಸ್ ಹತ್ತಿದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ನನ್ನವೆರಡೂ ಮಾರಾಟಕ್ಕೆ ಕೂತಿದ್ದವು. ಬೊಟ್ಟು ಇಟ್ಟ ಹಾಗೇ ಇತ್ತು.

"ಅದನ್ಯಾಕ ಒರಸಲಿಲ್ಲಣ್ಣಾ?"

ಅವನು ತಲೆ ಎತ್ತಲಿಲ್ಲ. "ಹೆಣ್ಣುಮಗಳ ಕುಂಕುಮ ಹೆಂಗ ಒರಸ್ಲವ್ವಾ..."

"ಕದಿಯಾಕ ಬಂದ ಕೈ ಒರಸಾಕ ಬರಲಿಲ್ಲೇನು?" ಅಂದೆ. ಕಪಾಟಿನ ಬಾಗಿಲು ನಾನೇ ತೆಗೆದು, ಎರಡನ್ನೂ ಎತ್ತಿಕೊಂಡು ಬಂದೆ. ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ.

ಮಷೀನು ಈಗ ಚೆನ್ನಾಗಿ ಓಡುತ್ತದೆ. ಬಿಚ್ಚುವುದು, ಕೂಡಿಸುವುದು, ನನ್ನ ಅನ್ನ, ಎಲ್ಲ ಅವನು ಕಲಿಸಿದ್ದೇ. ಆ ಋಣ ಬೇಡವೆಂದರೂ ಬಿಡುವುದಿಲ್ಲ.

ಈ ಸಲದ ಆಯುಧ ಪೂಜೆಗೆ ಸಿಪಿಯು ಬಿಚ್ಚಲಿಲ್ಲ. ಹೊರಗಿನ ತಗಡಿಗೇ ಕುಂಕುಮ ಹಚ್ಚಿದೆ.