ಹಗ್ಗದ ಆಚೆಯ ನೇರಳೆ

ರಾಜಾನುಕುಂಟೆಯ ಆಚೆ, ನನ್ನ ಅಪ್ಪ ಹುಟ್ಟಿದ ಊರಿನ ಕೆರೆಯ ನಡುವೆ ಒಂದು ನಡುಗಡ್ಡೆಯಿದೆ. ಅಲ್ಲೊಂದು ಹಳೆಯ ನೇರಳೆ ಮರ. ಹಿಂದೆ ಊರಿನ ಹುಡುಗರು ಬಾಳೆದಿಂಡಿನ ತೆಪ್ಪದಲ್ಲಿ ಹೋಗಿ ಹೊಟ್ಟೆ ತುಂಬ ಹಣ್ಣು ತಿಂದು ಬರುತ್ತಿದ್ದರು. ಹುಡುಗಿಯರು ತೆಪ್ಪ ಹತ್ತಿದರೆ ಗಂಗಮ್ಮ ಮುನಿಯುತ್ತಾಳೆಂದು ಊರು ನಂಬಿತ್ತು. ಗಂಗಮ್ಮನೂ ಹೆಣ್ಣೆಂಬುದು ಯಾರಿಗೂ ಹೊಳೆಯಲಿಲ್ಲ. ನನ್ನ ಸೋದರತ್ತೆ ಕೆರೆಯ ಏರಿಯ ಮೇಲೆ ಕಾದು ಕೂರುತ್ತಿದ್ದರು. ಅವರ ತಮ್ಮ, ಅಂದರೆ ನನ್ನ ಅಪ್ಪ, ಅಕ್ಕನಿಗೆಂದು ಕಟ್ಟಿಕೊಂಡ ಹಣ್ಣು ದಡ ಸೇರುವಷ್ಟರಲ್ಲಿ ಬರೀ ಬೀಜವಾಗಿರುತ್ತಿತ್ತು. “ದಾರಿ ದೂರ ಆಯ್ತಕ್ಕ” ಎನ್ನುತ್ತಿದ್ದರಂತೆ. ಮನೆಯಲ್ಲಿ ಇದು ತಮಾಷೆಯ ಕತೆ. ನಾನು ಮಾತ್ರ ಇದನ್ನು ಅನ್ಯಾಯವೆಂದೇ ಕರೆಯುತ್ತ ಬಂದಿದ್ದೇನೆ.

ಕಳೆದ ನೇರಳೆ ಕಾಲದಲ್ಲಿ, ಎಪ್ಪತ್ತು ದಾಟಿದ ಅತ್ತೆ ಯಲಹಂಕದ ಮನೆಯಿಂದ ಫೋನ್ ಮಾಡಿದರು. “ಕೆರೇಲಿ ಈಗ ದೋಣಿ ಬಿಡ್ತಾರಂತಲ್ಲೇ. ಆ ಮರದ ಹಣ್ಣು ಒಂದ್ಸಲ ನಾನೇ ಹೋಗಿ ತಿನ್ಬೇಕು.”

ಆ ಭಾನುವಾರವೇ ಹೊರಟೆವು. ದೋಣಿಯಲ್ಲಿ ನಮಗಿಬ್ಬರಿಗೂ ಲೈಫ್ ಜಾಕೆಟ್ ಕೊಟ್ಟರು. ದಿನವಿಡೀ ನೀರಿನ ಮೇಲಿರುವ ದೋಣಿಯವನಿಗೆ ಇರಲಿಲ್ಲ. ದುಡಿಯುವವನ ಜೀವಕ್ಕೆ ಬೆಲೆಯಿಲ್ಲವೇ ಎಂದು ಕೇಳಿದೆ.

“ನಮ್ಗ್ಯಾಕೆ ಮೇಡಂ, ನಾವು ಇದೇ ನೀರಾಗೆ ಬೆಳೆದೋರು.”

“ಹಾಕ್ಕೊಳಪ್ಪ,” ಎಂದರು ಅತ್ತೆ. “ಇಲ್ದಿದ್ರೆ ಇವ್ಳು ದೋಣಿ ಬಿಡಕ್ಕೇ ಬಿಡಲ್ಲ.”

ಆತ ನಗುತ್ತಾ ದಡದ ಕೋಣೆಯಿಂದ ಇನ್ನೊಂದನ್ನು ತಂದು ತೊಟ್ಟುಕೊಂಡು ಹುಟ್ಟು ಹಾಕತೊಡಗಿದ. ಹೆಜ್ಜಾರ್ಲೆ ಹಕ್ಕಿಗಳ ಗುಂಪೊಂದು ನಮಗೆ ದಾರಿ ಬಿಟ್ಟು ಸರಿಯಿತು. ಅತ್ತೆ ಬಳೆ ಹಿಂದಕ್ಕೆ ಸರಿಸಿ, ದಡ ಮುಟ್ಟುವವರೆಗೂ ನೀರಿನಲ್ಲಿ ಬೆರಳಾಡಿಸಿದರು.

ನಡುಗಡ್ಡೆಯಲ್ಲಿ ಹೊಂಗೆ, ಬಿದಿರುಗಳ ನಡುವೆ ಕಾಲುದಾರಿ. ಅದಕ್ಕೂ ಸಿಮೆಂಟ್ ಇಟ್ಟಿಗೆ ಹಾಸಿದ್ದಾರೆ. ಮಣ್ಣಿಗೆ ಉಸಿರು ಬೇಡವೇ ಎಂದೆ. “ನನ್ ಮಂಡಿಗೆ ಒಳ್ಳೇದಾಯ್ತು ಬಿಡು” ಎನ್ನುತ್ತಾ ಅತ್ತೆ ಮುಂದೆ ನಡೆದರು. ಸ್ವಲ್ಪ ದೂರದಲ್ಲಿ ನಿಂತುಬಿಟ್ಟರು.

ದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಅದರಲ್ಲೊಂದು ಬೋರ್ಡ್: ‘ಮರಿಗಳಿವೆ. ದಯವಿಟ್ಟು ದಾಟಬೇಡಿ.’ ಆ ವಾಕ್ಯ ನನ್ನದೇ. ಬೆಳ್ಳಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ನಡುಗಡ್ಡೆಯ ಅರ್ಧಭಾಗ ಮುಚ್ಚಬೇಕೆಂದು ಅರ್ಜಿ ಹಿಡಿದು ಅಲೆದವಳು ನಾನು. ಆಗ ನಕ್ಷೆಯನ್ನಷ್ಟೇ ನೋಡಿದ್ದೆ. ಅತ್ತೆಯ ಮರ ಎಲ್ಲಿದೆಯೆಂದು ಕೇಳಿರಲಿಲ್ಲ. ನೇರಳೆಯ ಬುಡ ಹಗ್ಗದಿಂದ ಹತ್ತು ಹೆಜ್ಜೆ ಆಚೆಗಿತ್ತು.

“ಓಗ್ಬನ್ನಿ ಅಜ್ಜಿ, ಯಾರ್ ನೋಡ್ತಾರೆ?” ಎಂದ ನಮ್ಮ ಹಿಂದೆಯೇ ಬಂದಿದ್ದ ದೋಣಿಯವ. “ನಾನು ಅತ್ಲಾಗೆ ತಿರುಗ್ಕೊಂತೀನಿ.”

ನಮ್ಮವರಿಗೆಂದು ನಿಯಮ ಸಡಿಲಿಸುವುದು ಎಂಥ ತಪ್ಪೆಂದು ಎಷ್ಟೋ ಸಭೆಗಳಲ್ಲಿ ಮಾತನಾಡಿದ್ದೇನೆ. ಹೋಗಿ ಎನ್ನಲಾಗಲಿಲ್ಲ. ಬೇಡ ಎನ್ನಲೂ ಆಗಲಿಲ್ಲ. ಅಂದು ಊರು ತಡೆದ ಹುಡುಗಿಯನ್ನು ಇಂದು ನಾನು ತಡೆದಂತಾಗುತ್ತಿತ್ತು.

“ಅತ್ತೆ, ಈ ಹಗ್ಗ ಕಟ್ಟಿಸಿದ್ದು ನಾನೇ.”

“ಗೊತ್ತಾಯ್ತು ಕಣೇ. ಬೋರ್ಡ್ ಓದ್ತಿದ್ರೆ ನೀನೇ ಬೈದಂಗಿತ್ತು.” ಅವರು ಮೇಲಿನ ಗೂಡುಗಳತ್ತ ನೋಡಿದರು. ಮರಿಯೊಂದು ಕತ್ತು ಚಾಚಿ ಅರಚುತ್ತಿತ್ತು. “ಹೋಗ್ಲಿ, ಬಾಣಂತಿ ಮನೆಗೆ ನುಗ್ಗಕ್ಕಾಗತ್ತಾ? ನಿನ್ ಕೊಡೆ ಕೊಡಿಲ್ಲಿ.”

ಒಂದು ಕೊಂಬೆ ಹಗ್ಗದ ಈಚೆಗೆ ಬಾಗಿತ್ತು. ಅದರಲ್ಲಿ ಎರಡು ಕೋಗಿಲೆಗಳು ಹಣ್ಣಿಗಾಗಿ ಕಿತ್ತಾಡುತ್ತಿದ್ದವು. ಅತ್ತೆ ಕೊಡೆಯನ್ನು ಬಿಚ್ಚಿ, ಬುಟ್ಟಿಯಂತೆ ತಲೆಕೆಳಗಾಗಿ ಹಿಡಿದು ಕೊಂಬೆಯಡಿ ನಿಂತರು. ಕೈ ಸೋತಾಗ ನಾನು ಹಿಡಿದೆ, ನಾನು ಸೋತಾಗ ದೋಣಿಯವ.

“ಅಜ್ಜಿ, ಕೊಡೆಗೆ ಕೋಗಿಲೆ ಇಕ್ಕೆ ಬಿತ್ತು,” ಎಂದ ಆತ.

“ಬೀಳ್ಲಿ ಬಿಡು, ಕೊಡೆ ಇವ್ಳದು.”

ಆಮೇಲೆ ಟಪ್ ಎಂದಿತು. ಮತ್ತೆ ಮತ್ತೆ ಎಂದಿತು. ಹನ್ನೊಂದು ಹಣ್ಣು ಸಿಕ್ಕವು. ಅತ್ತೆ ಬಾಟಲಿಯ ನೀರಿನಲ್ಲಿ ತೊಳೆದು, ದೋಣಿಯವನಿಗೆ ಎರಡು, ನನಗೆ ಎರಡು ಕೊಟ್ಟು, ಉಳಿದದ್ದನ್ನು ಅವಸರವಿಲ್ಲದೆ ತಿಂದರು. ಬೀಜಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡರು. ನೆಡಲಿಕ್ಕೆಂದು ಭಾವಿಸಿ ನಾನು ಮೆಚ್ಚಿದೆ.

ಹಿಂದಿರುಗುವಾಗ, ಆರ್.ಟಿ. ನಗರದ ನಮ್ಮ ಮನೆಗೆ ಹೋಗೋಣವೆಂದು ಹಟ ಹಿಡಿದರು. ಅಪ್ಪ ಬಾಗಿಲು ತೆರೆಯುತ್ತಲೇ ಅತ್ತೆ ಅವರ ಅಂಗೈಗೆ ಕರ್ಚೀಫಿನ ಗಂಟನ್ನಿಟ್ಟರು.

“ನಿಂಗೇಂತ ನೇರಳೆಹಣ್ಣು ತಂದೆ ಕಣೋ. ದಾರಿ ದೂರ ಆಯ್ತು.”

ಅಪ್ಪ ಗಂಟು ಬಿಚ್ಚಿ ಬೀಜಗಳನ್ನು ನೋಡಿದರು. ಆಮೇಲೆ ಅಕ್ಕನನ್ನು ನೋಡಿದರು. ಅತ್ತೆ ನೀಲಿ ನಾಲಿಗೆಯನ್ನು ಉದ್ದಕ್ಕೆ ಚಾಚಿ ನಿಂತಿದ್ದರು.