‘ಓಡು’ ಎಂದವಳು ನಾನೇ

2018ರ ಆಗಸ್ಟ್ ತಿಂಗಳಲ್ಲಿ ನಾನು ವಿಯೆಟ್ನಾಮಿನ ಹಾಯ್‌ಫಾಂಗ್ ಎಂಬ ಬಂದರು ಪಟ್ಟಣದ ಒಂದು ಖಾಸಗಿ ಭಾಷಾ ಶಾಲೆಗೆ ಇಂಗ್ಲಿಷ್ ಶಿಕ್ಷಕಿಯಾಗಿ ಸೇರಿದೆ. ಅದಕ್ಕೂ ಮೊದಲು ಆರು ವರ್ಷ ಬಾಗಲಕೋಟೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಈ ವರ್ಷ ಕೆಲಸ ಇದೆಯೋ ಇಲ್ಲವೋ ಎಂದು ಪ್ರತಿ ಬೇಸಿಗೆ ಕಾಯುವುದೇ ಒಂದು ಕೆಲಸವಾಗಿತ್ತು. ಎಂ.ಎ. ಪದವಿ, ಪರಭಾಷಿಕರಿಗೆ ಇಂಗ್ಲಿಷ್ ಕಲಿಸುವ ‘ಟೆಫಲ್’ ತರಬೇತಿಯ ಸರ್ಟಿಫಿಕೇಟ್, ನನ್ನ ಮೇಲೆ ಯಾವ ಪ್ರಕರಣವೂ ಇಲ್ಲವೆಂಬ ಪೊಲೀಸ್ ಪತ್ರ, ಇವಿಷ್ಟನ್ನು ಹಿಡಿದು ಹೊರಟೆ. ಬಾದಾಮಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು:

“ಇಂಗ್ಲಿಷ್ ಕಲಸಾಕ ಇಂಗ್ಲಿಷ್ ಬರದಿದ್ದ ದೇಶಕ್ಕ ಹೊಂಟಿಯೇನ?”

“ಬರೋ ದೇಶದಾಗ ಕಲಸೂದು ಏನೈತಿ ಯವ್ವಾ?” ಎಂದೆ. ಅವ್ವ ನಕ್ಕಳು. ನಾನು ಹೋದೆ.

ಅಲ್ಲಿ ಕಳೆದ ನಾಲ್ಕು ವರ್ಷಗಳ ಬಗ್ಗೆ ಹೇಳುವುದು ಬಹಳವಿದೆ. ಆದರೆ ನನ್ನನ್ನು ಈಗಲೂ ನಡುಗಿಸುವುದು ಆಮೇಲೆ ನಮ್ಮದೇ ಹೊಲದಲ್ಲಿ ಕಳೆದ ಎರಡು ಮೂರು ನಿಮಿಷ. ಆ ನಿಮಿಷಗಳು ಅರ್ಥವಾಗಬೇಕಾದರೆ ಮೊದಲು ಆ ಶಾಲೆಯ ಬಗ್ಗೆ ಹೇಳಬೇಕು.

ಅಲ್ಲಿನ ಭಾಷಾ ಶಾಲೆಗಳೆಂದರೆ ನಮ್ಮ ಕೋಚಿಂಗ್ ಕ್ಲಾಸುಗಳಿದ್ದಂತೆ. ಮಕ್ಕಳು ಹಗಲಿನ ಶಾಲೆ ಮುಗಿಸಿ, ಸಂಜೆ ತಾಯಂದಿರ ಸ್ಕೂಟರಿನ ಹಿಂದೆ ಕೂತು ಬರುತ್ತಾರೆ. ಪ್ರತಿ ತರಗತಿಯಲ್ಲೂ ಇಬ್ಬರು ಇರುತ್ತಾರೆ: ಒಬ್ಬರು ವಿದೇಶಿ ಶಿಕ್ಷಕರು, ಇನ್ನೊಬ್ಬರು ಸ್ಥಳೀಯ ಟೀಚಿಂಗ್ ಅಸಿಸ್ಟೆಂಟ್. ನನಗೆ ಸಿಕ್ಕ ಅಸಿಸ್ಟೆಂಟ್ ಲಿನ್. ಇಪ್ಪತ್ತೆರಡರ ಹುಡುಗಿ, ಮಾತಿಗಿಂತ ನಗು ಹೆಚ್ಚು. ಆಕೆ ಕೇಳಿದ ಮೊದಲ ಪ್ರಶ್ನೆಯೇ “ನಿಮಗೆ ವಯಸ್ಸೆಷ್ಟು?” ನನಗೆ ಸಿಟ್ಟು ಬಂತು. ಆಮೇಲೆ ತಿಳಿಯಿತು, ಅಲ್ಲಿ ವಯಸ್ಸು ಗೊತ್ತಾಗದೆ ಯಾರೂ ಯಾರನ್ನೂ ಮಾತಾಡಿಸಲಾರರು. ಎದುರಿನವರು ಅಕ್ಕನೋ ತಂಗಿಯೋ ಚಿಕ್ಕಮ್ಮನೋ ಎಂಬುದು ಮೊದಲು ತೀರ್ಮಾನವಾಗಬೇಕು. “ನಮ್ಮ ಕಡೆಯೂ ಹಾಗೇ. ಬಸ್ ಕಂಡಕ್ಟರ್ ಕೂಡ ‘ಯಕ್ಕಾ, ಮುಂದ ಸರೀರಿ’ ಅನ್ನುತ್ತಾನೆ” ಎಂದೆ. ಅಂದಿನಿಂದ ಲಿನ್‌ಗೆ ನಾನು ‘ಅಕ್ಕಾ’ ಆದೆ. ಮಿಕ್ಕ ಮಾತೆಲ್ಲ ಇಂಗ್ಲಿಷಿನಲ್ಲಿ, ಅಕ್ಕಾ ಮಾತ್ರ ಕನ್ನಡದಲ್ಲಿ.

ಮೂರನೆಯ ತಿಂಗಳು ತೊಂದರೆ ಬಂತು. ಕೆಲವು ಪಾಲಕರು ಶಾಲೆಯ ಮಾಲಕಿಯನ್ನು ಕಂಡು, ಇಂಗ್ಲಿಷ್ ಕಲಿಸಲು ಭಾರತದವಳೇಕೆ, ಬಿಳಿಯರು ಸಿಗಲಿಲ್ಲವೇ ಎಂದು ಕೇಳಿದರು. ಮಾಲಕಿ ನನ್ನನ್ನು ಕರೆದು, “ಭಾನುವಾರ ಪಾಲಕರ ಮುಂದೆ ಡೆಮೊ ಪಾಠ ಮಾಡಿ. ಅವರು ಒಪ್ಪಿದರೆ ಇರಿ” ಎಂದರು.

ನಮ್ಮ ವೃತ್ತಿಯಲ್ಲಿ ‘ಟೋಟಲ್ ಫಿಸಿಕಲ್ ರೆಸ್ಪಾನ್ಸ್’ ಎಂಬ ಪದ್ಧತಿಯಿದೆ. ಹೆಸರು ದೊಡ್ಡದು, ವಿಷಯ ಸಣ್ಣದು. ಶಿಕ್ಷಕಿ ಆಜ್ಞೆ ಕೊಟ್ಟು ತಾನೇ ಮಾಡಿ ತೋರಿಸುತ್ತಾಳೆ, ಕಲಿಯುವವರು ಮೈಯಿಂದ ಉತ್ತರಿಸುತ್ತಾರೆ. ಅನುವಾದವಿಲ್ಲ, ಬರೆಯುವುದಿಲ್ಲ. ಹಸುಗೂಸು ಭಾಷೆ ಕಲಿಯುವುದೂ ಹೀಗೆಯೇ. ಆ ಭಾನುವಾರ ನಾನು ಪಾಲಕರನ್ನೇ ಮಕ್ಕಳ ಗಿಡ್ಡ ಕುರ್ಚಿಗಳಲ್ಲಿ ಕೂರಿಸಿದೆ. ಇಂಗ್ಲಿಷ್ ಬಿಟ್ಟು ಕನ್ನಡ ಕಲಿಸಿದೆ, ಅದೂ ಅವ್ವ ನನಗೆ ಕಲಿಸಿದ ಕನ್ನಡ. ಏಳು. ನಡಿ. ಓಡು. ನಿಲ್ಲು. ಕುಂದ್ರು. ಲಿನ್ ನನ್ನ ಪಕ್ಕ ನಿಂತು ಎಲ್ಲವನ್ನೂ ಮಾಡಿ ತೋರಿಸಿದಳು. ಹತ್ತೇ ನಿಮಿಷಕ್ಕೆ ಟೈ ಕಟ್ಟಿದ ಬ್ಯಾಂಕ್ ಅಧಿಕಾರಿಯೊಬ್ಬರು ನನ್ನ ‘ಓಡು’ ಕೇಳಿ ಕೋಣೆಯ ತುಂಬ ಓಡುತ್ತಿದ್ದರು. “ನಿಮ್ಮ ಮಕ್ಕಳಿಗೂ ಇಂಗ್ಲಿಷ್ ಮೊದಲು ಹೀಗೆಯೇ ಕೇಳಿಸುತ್ತದೆ” ಎಂದೆ. ಚಪ್ಪಾಳೆ ಬಿತ್ತು, ಕೆಲಸ ಉಳಿಯಿತು. ಆ ಐದು ಕನ್ನಡ ಮಾತು ನಮ್ಮ ತರಗತಿಯ ಆಟವಾಗಿ ಉಳಿದವು. ಪಾಠ ಮುಗಿದ ಮೇಲೆ ಲಿನ್ ದಿನವೂ ಅದನ್ನು ಆಡಿಸುತ್ತಿದ್ದಳು. “ಕುಂದ್ರು!” ಎಂದರೆ ಸಾಕು, ಇಡೀ ತರಗತಿ ಧಡ್ ಎಂದು ನೆಲಕ್ಕೆ ಕೂರುತ್ತಿತ್ತು.

2020ರಲ್ಲಿ, ವಿಮಾನಗಳೆಲ್ಲ ನಿಂತಿದ್ದಾಗ, ಅವ್ವ ತೀರಿಕೊಂಡಳು. ನಾನು ಬರಲಾಗಲಿಲ್ಲ. ನಮ್ಮದು ಬಸವಣ್ಣನ ಒಕ್ಕಲು, ಸತ್ತವರನ್ನು ಸುಡುವುದಿಲ್ಲ. ಹೊಲದ ಅಂಚಿನಲ್ಲಿ, ಕೆಂಪು ಬಂಡೆಯ ಬುಡದಲ್ಲಿ ಅವ್ವನನ್ನು ಮಣ್ಣು ಮಾಡಿದ್ದನ್ನು ಮೊಬೈಲಿನಲ್ಲಿ ನೋಡಿದೆ. ಲಿನ್ ಶಾಲೆಯ ಪೂಜೆಯ ಗೂಡಿನಲ್ಲಿ ಮೂರು ಊದುಬತ್ತಿ ಹಚ್ಚಿ ನನ್ನ ಪಕ್ಕ ಕೂತಳು. ಅವು ಉರಿದು ಮುಗಿಯುವವರೆಗೂ ಏಳಲಿಲ್ಲ.

2022ರಲ್ಲಿ ನಾನು ಊರಿಗೆ ಮರಳಿ, ಬಾಗಲಕೋಟೆಯಲ್ಲಿ ಒಂದು ಕೋಣೆ ಹಿಡಿದು ಮಕ್ಕಳಿಗೆ ಇಂಗ್ಲಿಷ್ ತರಗತಿ ಆರಂಭಿಸಿದೆ. ಎರಡು ವರ್ಷದ ನಂತರ, ಅವರ ಹೊಸ ವರ್ಷದ ರಜೆಯಲ್ಲಿ, ಲಿನ್ ಬಂದಳು. ಬ್ಯಾಗಿನಿಂದ ಮೊದಲು ಹೊರತೆಗೆದದ್ದು ಜೋಪಾನವಾಗಿ ಮಡಚಿದ ಒಂದು ಕಾಗದದ ಸೀರೆ. ಅವರಲ್ಲಿ ಸತ್ತವರಿಗೆ ಕಾಗದದ ಬಟ್ಟೆ ಮಾಡಿ ಸುಡುವ ರೂಢಿಯಿದೆ. ಇಲ್ಲಿ ಸುಟ್ಟದ್ದು ಅಲ್ಲಿ ಅವರ ಕೈ ಸೇರುತ್ತದೆಂಬ ನಂಬಿಕೆ. ನಾನು ಎಂದೋ ತೋರಿಸಿದ ಅವ್ವನ ಫೋಟೋ ನೆನಪಿಟ್ಟುಕೊಂಡು ಇಳಕಲ್ ಸೀರೆಯನ್ನೇ ಮಾಡಿದ್ದಳು. ಕಡುನೀಲಿ ಒಡಲು, ಕೆಂಪು ಸೆರಗು, ಸೆರಗಿನ ಮೇಲೆ ಬಿಳಿಯ ತೆನೆಯ ಸಾಲು.

ಅವ್ವನ ತವರು ಇಳಕಲ್. ಲಿನ್‌ಗೆ ಮಗ್ಗ ತೋರಿಸಲು ಅಲ್ಲಿನ ಸೋದರಮಾವನ ಮನೆಗೆ ಕರೆದೊಯ್ದೆ. ಅತ್ತೆ ಕನ್ನಡಕ ಏರಿಸಿ ಕಾಗದದ ಸೀರೆಯನ್ನು ಇಡಿಯಾಗಿ ಬಿಚ್ಚಿ ನೋಡಿದಳು.

“ಎಲ್ಲಾ ಬರೋಬರಿ ಐತವ್ವ. ಸೆರಗಿನ್ಯಾಗ ಒಂದ ತೆನಿ ಕಮ್ಮಿ ಬಿದ್ದೈತಿ ನೋಡು.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಲಿನ್ ಅಲ್ಲೇ ಮಗ್ಗದ ಪಕ್ಕ ಕೂತು ಬಿಳಿ ಬಣ್ಣದಲ್ಲಿ ಆ ಒಂದು ತೆನೆ ಬರೆದಳು. ಅತ್ತೆಗೆ ಕಣ್ಣು ತುಂಬಿ ಬಂತು. ಒಳಗೆ ಹೋಗಿ ಚಹಾಕ್ಕಿಟ್ಟಳು.

ಸಂಜೆಗೆ ನಮ್ಮ ಹಳ್ಳಿಗೆ ಬಂದು, ಮರುದಿನ ಬೆಳಿಗ್ಗೆ ನಾವಿಬ್ಬರೂ ಹೊಲಕ್ಕೆ ಹೋದೆವು. ಆ ಜಾಗ ಹೀಗಿದೆ: ಹಿಂದೆ ಕೆಂಪು ಬಂಡೆ, ಅದರ ನೆತ್ತಿ ಛಾವಣಿಯಂತೆ ಮುಂದೆ ಚಾಚಿದೆ. ಅದರ ಕೆಳಗೆ ಅವ್ವನ ಸಮಾಧಿ. ಎಡಕ್ಕೆ ಬಿಳಿಜೋಳದ ಬೆಳೆ, ಅದರ ನಡುವೆ ನಾವು ಬಂದ ದಾರಿ. ಬಲಕ್ಕೆ ಒಣಹುಲ್ಲು, ಹುಲ್ಲಿನಾಚೆ ಹಳೆಯ ಕಲ್ಲುಗಣಿಯ ಹೊಂಡ. ಕಲ್ಲು ತೆಗೆಯುವುದು ನಿಂತು ಬಹಳ ವರ್ಷವಾಗಿದೆ. ನಾಲ್ಕಾಳು ಆಳ, ತಳದಲ್ಲಿ ಒಡೆದ ಕಲ್ಲು. ಹುಲ್ಲು ಬೆಳೆದಾಗ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಊರವರಿಗೆಲ್ಲ ಗೊತ್ತಿರುವುದರಿಂದ ಬೇಲಿ ಹಾಕಬೇಕೆಂದು ಯಾರಿಗೂ ಅನಿಸಿರಲಿಲ್ಲ. ನನಗೂ.

ಹೊಂಡದ ಈಚೆ ದಂಡೆಯಲ್ಲಿ ಮಾಳಪ್ಪ ಕಾಕಾ ಕುರಿ ಬಿಟ್ಟುಕೊಂಡು ನಿಂತಿದ್ದರು. ಬೀರಪ್ಪನ ಭಕ್ತರು, ಅಪ್ಪನ ಕಾಲದಿಂದ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ತರುಬುವವರು. ಹೆಗಲ ಮೇಲೆ ಎಂದಿನಂತೆ ಕರಿ ಕಂಬಳಿ. ಇಷ್ಟು ಬಿಸಿಲಲ್ಲಿ ಕಂಬಳಿ ಏಕೆಂದು ಲಿನ್ ನನ್ನನ್ನು ಕೇಳಿದಳು. ನಾನು ಕೂಗಿ ಕೇಳಿದೆ.

“ಮಳ್ಯಾಗ ಇದ ಕೊಡಿ, ಚಳ್ಯಾಗ ಇದ ಹಾಸಿಗಿ, ಬಿಸಲಾಗ ಇದ ನೆಳ್ಳ ಅಂತ ಹೇಳ ಆಕಿಗೆ” ಎಂದರು. “ಹೇಣ್ತಿಕಿಂತ ಹೆಚ್ಚ ಐತೇನ ಅಂದ್ರ, ಹೂಂ ಅನ್ನು. ಮನಿಗೆ ಹೋಗಿ ಹೇಳಬ್ಯಾಡ ಮತ್ತ.”

ಲಿನ್ ನಗುತ್ತಲೇ ಸಮಾಧಿಯ ಮುಂದೆ ಮೊಣಕಾಲೂರಿ ಊದುಬತ್ತಿ ಹಚ್ಚಿದಳು. ಒಂದೆರಡಲ್ಲ, ಇಡೀ ಕಟ್ಟು. ನಂತರ ಕಾಗದದ ಸೀರೆಯನ್ನು ಒಡಲಿನ ಕಡೆಯಿಂದ ಹೊತ್ತಿಸಿದಳು. ಬಣ್ಣ ಬಳಿದ ದಪ್ಪ ಕಾಗದ, ಹೊಗೆ ದಟ್ಟವಾಗಿ ಎದ್ದಿತು. ನಾನು ಸೀರೆಯನ್ನೇ ನೋಡುತ್ತಿದ್ದೆ. ಅವ್ವ ಅದನ್ನು ಉಟ್ಟು ಯಾರ ಯಾರ ಮುಂದೆ ಮೆರೆದಾಳು ಎಂದು ಯೋಚಿಸುತ್ತಿದ್ದೆ. ಬಂಡೆಯ ನೆತ್ತಿಯಲ್ಲಿ ಹೆಜ್ಜೇನು ಕಟ್ಟುತ್ತದೆಂದು ನನಗೆ ಗೊತ್ತಿತ್ತು. “ಜೇನ ಕಟ್ಟಿದಾಗ ಅಲ್ಲಿ ಬೀಡಿ ಸೈತ ಹಚ್ಚಬಾರದು” ಎಂದು ಅವ್ವನೇ ಆಳುಗಳನ್ನು ಬೈಯುತ್ತಿದ್ದಳು. ಅವತ್ತು ಒಮ್ಮೆ, ಒಂದೇ ಒಮ್ಮೆ, ತಲೆಯೆತ್ತಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ.

ಮೊದಲು ಸದ್ದು ಬಂತು. ದೂರದಲ್ಲಿ ಲಾರಿ ಏರು ಹತ್ತುವಾಗಿನಂಥ ಸದ್ದು. ಆಮೇಲೆ ಬೆಳಕು ಮಸುಕಾಯಿತು. ನನ್ನ ಕುತ್ತಿಗೆಗೆ ಕೆಂಡ ಇಟ್ಟಂತಾಯಿತು.

“ರನ್! ಲಿನ್, ರನ್!” ಎಂದು ಕಿರುಚಿದೆ. ಓಡಿದೆ. ದುಪಟ್ಟಾವನ್ನು ತಲೆಗೆ ಎಳೆದುಕೊಂಡು ಜೋಳದೊಳಗೆ ನುಗ್ಗಿದೆ. ಅವಳು ನನ್ನ ಹಿಂದೆಯೇ ಬರುತ್ತಿದ್ದಾಳೆ ಎಂದುಕೊಂಡಿದ್ದೆ. ಅಷ್ಟು ದೂರ ಹೋಗಿ ತಿರುಗಿದಾಗ ಕಂಡದ್ದು: ಹೊಗೆಯೂ ಜೇನೂ ದಾರಿಯ ಕಡೆ ತುಂಬಿದ್ದವು. ಲಿನ್ ಬಯಲಾಗಿ ಕಂಡ ಕಡೆ ಓಡುತ್ತಿದ್ದಳು. ಎರಡೂ ಕೈ ಮುಖದ ಮೇಲೆ, ಕಣ್ಣು ಮುಚ್ಚಿ, ಹುಲ್ಲಿನಲ್ಲಿ, ನೇರ ಹೊಂಡದ ಕಡೆ. ನಾನು ಹೇಳಿದ್ದನ್ನೇ ಮಾಡುತ್ತಿದ್ದಳು.

ನಿಲ್ಲು ಎನ್ನಬೇಕಿತ್ತು. ಯಾವ ಭಾಷೆಯಲ್ಲಾದರೂ ಸರಿ. ಹನ್ನೆರಡು ವರ್ಷ ಆಜ್ಞೆ ಕೊಟ್ಟು ಬದುಕಿದವಳಿಗೆ ಆ ಒಂದು ಮಾತು ಗಂಟಲಿನಿಂದ ಹೊರಡಲಿಲ್ಲ. ಬಾಯಿ ತೆರೆದಿತ್ತು, ಅಷ್ಟೇ.

ಆಗ ಹೊಂಡದ ದಂಡೆಯಿಂದ, ಬೆದರಿದ ಕುರಿಗಳ ನಡುವಿನಿಂದ, ಮಾಳಪ್ಪ ಕಾಕಾನ ದನಿ ಬಂತು. ಎರಡು ಹೊಲ ದಾಟಿ ಕೇಳುವ ದನಿ.

“ನಿಲ್ಲು! ಏ ತಂಗಿ, ನಿಲ್ಲು! ಕುಂದ್ರು! ಕುಂದ್ರು!”

ಲಿನ್ ನಿಂತಳು. ಮರುಕ್ಷಣ ಧಡ್ ಎಂದು ನೆಲಕ್ಕೆ ಕೂತಳು, ತರಗತಿಯಲ್ಲಿ ಕೂರುತ್ತಿದ್ದ ಹಾಗೆಯೇ.

ಕಾಕಾ ಓಡಿ ಬಂದು ಕಂಬಳಿಯನ್ನು ಅವಳ ಮೇಲೆ ಎಸೆದು, ಅವಳನ್ನು ಒಳಗೆ ಒತ್ತಿ, ಅಂಚುಗಳನ್ನು ತಮ್ಮ ಮೈಯಿಂದಲೇ ಅದುಮಿ ಬೋರಲು ಬಿದ್ದರು. ಕಂಬಳಿಯಲ್ಲಿ ಇಬ್ಬರಿಗೆ ಜಾಗವಿರಲಿಲ್ಲ. ಅವರ ಬೆನ್ನು, ಕುತ್ತಿಗೆ, ಕಿವಿ ಎಲ್ಲ ಹೊರಗೇ ಇದ್ದವು. ಜೇನು ಅಡಗುವವರೆಗೂ ಅಲ್ಲಾಡಲಿಲ್ಲ. ನಾನು ಜೋಳದೊಳಗೆ ಮುದುಡಿ ಕೂತು ನೋಡುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ.

ಆಮೇಲೆ ಒಂದು ದಿನ ಹೋಗಿ ಎಣಿಸಿದೆ. ಸಮಾಧಿಯಿಂದ ಹೊಂಡಕ್ಕೆ ನಲವತ್ತೊಂದು ಹೆಜ್ಜೆ. ಲಿನ್ ಕೂತ ಜಾಗದಲ್ಲಿ ಹುಲ್ಲು ಇನ್ನೂ ಒರಗಿತ್ತು. ಅಲ್ಲಿಂದ ಮೂರು ಹೆಜ್ಜೆ.

ಮೂವರನ್ನೂ ಟಂಟಂ ಆಟೋದಲ್ಲಿ ಬಾದಾಮಿಯ ದವಾಖಾನೆಗೆ ಸಾಗಿಸಿದರು. ನನಗೆ ಆರು ಕಡೆ ಕಚ್ಚಿತ್ತು, ಲಿನ್‌ಗೆ ಒಂಬತ್ತು. ಕಾಕಾನ ಮೈಯಿಂದ ಮುಳ್ಳು ಕೀಳುತ್ತಿದ್ದ ನರ್ಸ್ ಐವತ್ತರವರೆಗೆ ಎಣಿಸಿ ಆಮೇಲೆ ಬಿಟ್ಟರು. ಅವರ ಉಸಿರು ಸಿಕ್ಕಿಕೊಳ್ಳುತ್ತಿತ್ತು, ನಾಲಿಗೆ ದಪ್ಪವಾಗಿತ್ತು. ಇಂಜೆಕ್ಷನ್ ಕೊಟ್ಟು ಆಕ್ಸಿಜನ್ ಹಚ್ಚಿದರು. ಮಧ್ಯಾಹ್ನದವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಲಿನ್ ಅವರ ಕಾಟಿನ ಪಕ್ಕ ಸ್ಟೂಲಿನ ಮೇಲೆ ಕೂತಳು. ಅವ್ವ ಸತ್ತ ದಿನ ನನ್ನ ಪಕ್ಕ ಕೂತಿದ್ದಂತೆಯೇ.

ಮಧ್ಯಾಹ್ನ ಎರಡರ ಹೊತ್ತಿಗೆ ಕಾಕಾ ಮಾಸ್ಕ್ ಸರಿಸಿ ಕೇಳಿದ ಮೊದಲ ಮಾತು, “ಕುರಿ?”

“ನಿಮ್ಮ ಅಳಿಯ ಹೊಡಕೊಂಡ ಹೋಗ್ಯಾನ ಕಾಕಾ. ಎಲ್ಲಾ ಅದಾವ.”

ಆಮೇಲೆ ಲಿನ್ ಕಡೆ ನೋಡಿದರು. “ಈಕಿ ಮಾರಿ ನೋಡ, ಕುಂಬಳಕಾಯಿ ಆಗೇತಿ.” ನಾನು ಹೇಳಿದಾಗ ಲಿನ್ ಬಾತ ತುಟಿಯಲ್ಲೇ ನಕ್ಕು, ನಿಮ್ಮದೂ ಹಾಗೇ ಆಗಿದೆ ಎಂದಳು. “ನಂದೇನ ಬಿಡು, ಮೊದ್ಲ ಹಂಗ ಇತ್ತು” ಎಂದರು ಕಾಕಾ. ಮತ್ತೆ ಲಿನ್ ಕಡೆ ಕೈ ತೋರಿಸಿ ಹೇಳಿದರು: “ಅಲ್ಲಬೇ, ನಲವತ್ತ ವರ್ಷ ಕುರಿಗೆ ಕುಂದ್ರು ಅಂದೇನಿ, ಒಂದೂ ಕುಂತಿಲ್ಲ. ಈ ಚೀನಾದಾಕಿ ಒಂದ ಮಾತಿಗೆ ಕುಂತ್ಲಲ್ಲ!”

“ಚೀನಾ ಅಲ್ಲ ಕಾಕಾ, ವಿಯೆಟ್ನಾಂ.”

“ಎಲ್ಲ್ಯಾಕಿರೆ ಆಗಲಿ. ಹೇಳಿದ್ದ ಕೇಳ್ತಾಳ.” ನನ್ನ ಕಡೆ ತಿರುಗಿದರು. “ನೀ ಏನ ಒದರಿದಿ ಆಕಿಗೆ? ನನಗ ತಿಳೀಲಿಲ್ಲ.”

“ಓಡು ಅಂದೆ.”

ಕಾಕಾ ನನ್ನನ್ನೇ ನೋಡಿದರು. ಬೈಯುವ ನೋಟವಲ್ಲ.

“ಹೆಜ್ಜೇನ ಎದ್ರ ಓಡಬೇಕ, ಖರೆ. ಎಲ್ಲಿಗಿ ಅಂತ ಹೇಳಿದಿ?”



ನಾಲ್ಕನೆಯ ದಿನ ಕಾಕಾ ಮನೆಗೆ ಬಂದರು. ನಾವು ನೋಡಲು ಹೋದಾಗ ಪೇಪರಿನಲ್ಲಿ ಸುತ್ತಿಟ್ಟಿದ್ದ ಏನನ್ನೋ ಲಿನ್ ಕೈಗೆ ಕೊಟ್ಟರು. ಅಳಿಯ ಹೊಲದಿಂದ ಹೆಕ್ಕಿ ತಂದ ಕಾಗದದ ಸೆರಗು. ಒಡಲೆಲ್ಲ ಸುಟ್ಟುಹೋಗಿತ್ತು, ಸೆರಗೊಂದು ಉಳಿದಿತ್ತು, ಇಳಕಲ್ಲಿನಲ್ಲಿ ಬರೆದ ಆ ತೆನೆಯೂ. ಲಿನ್ ಮುಖ ಸಪ್ಪಗಾಯಿತು. ಸುಡದೆ ಉಳಿದದ್ದು ತಲುಪುವುದಿಲ್ಲ, ನಿಮ್ಮ ಅವ್ವನಿಗೆ ಸೆರಗಿಲ್ಲದ ಸೀರೆ ಹೋಯಿತಲ್ಲ ಅಕ್ಕಾ, ಎಂದಳು. ನಾನು ಕಾಕಾನಿಗೆ ಹೇಳಿದೆ.

“ಹುಚ್ಚಿ” ಎಂದರು ಕಾಕಾ. “ಸೆರಗ ನಿಮ್ಮವ್ವ ತಾನ ಬಿಟ್ಟ ಹೋಗ್ಯಾಳ, ನಿಮ್ಮಿಬ್ಬರ ತಲಿ ಮ್ಯಾಲ ಇರಲಿ ಅಂತ. ಹೇಳ ಆಕಿಗೆ.”

ಆ ಮಾತನ್ನು ಇಂಗ್ಲಿಷಿಗೆ ತರಲು ನನಗೆ ಬಹಳ ಹೊತ್ತು ಹಿಡಿಯಿತು. ಅಳದೆ ಹೇಳಲಾಗಲಿಲ್ಲ ಎಂಬುದೂ ಒಂದು ಕಾರಣ.

ಸೆರಗು ಈಗ ಹಾಯ್‌ಫಾಂಗಿನಲ್ಲಿ, ಲಿನ್ ತರಗತಿಯ ಗೋಡೆಯ ಮೇಲಿದೆ. ಹೊಂಡಕ್ಕೆ ತಂತಿಬೇಲಿ ಬಂದಿದೆ. ನನ್ನ ಬಾಗಲಕೋಟೆಯ ಕೋಣೆಯಲ್ಲಿ ಈಗಲೂ ಪಾಠ ಆಜ್ಞೆಗಳಿಂದಲೇ ಆರಂಭವಾಗುತ್ತದೆ: ಸ್ಟ್ಯಾಂಡ್, ವಾಕ್, ಸ್ಟಾಪ್, ಸಿಟ್. ಹೇಳಿದ್ದನ್ನು ನಂಬಿ ಕಣ್ಣು ಮುಚ್ಚಿ ಮಾಡುವವರ ಮುಂದೆ ನಿಲ್ಲುವ ಕೆಲಸ ನನ್ನದು ಎಂಬುದು ಇಷ್ಟು ವರ್ಷ ಕಲಿಸಿದ ಮೇಲೆ ನಾನು ಕಲಿತದ್ದು. ‘ರನ್’ ಎನ್ನುವ ಸರದಿ ಬಂದಾಗ ನಾನು ಒಂದು ಕ್ಷಣ ನಿಲ್ಲುತ್ತೇನೆ. ಬಾಗಿಲವರೆಗೆ ಹೋಗಿ, ತೆರೆದು, ಹೊರಗೆ ನೋಡಿ ಬರುತ್ತೇನೆ. ಟೀಚರ್ ಪ್ರತಿ ಸಲ ಹೀಗೇಕೆ ಮಾಡುತ್ತಾರೆಂದು ಮಕ್ಕಳಿಗೆ ಗೊತ್ತಿಲ್ಲ. ಒಂದು ಕಾಲು ಮುಂದಿಟ್ಟು, ನನ್ನ ಬಾಯನ್ನೇ ನೋಡುತ್ತ ಕಾಯುತ್ತಾರೆ.